ವಾಚನಯಂತ್ರದ ಬೆಳವಣಿಗೆಯೂ ಅಕ್ಷರದಾಸೋಹವೂ

(ಶ್ರೀಮಠದ ಜುಬಿಲಿ ಮಹೋತ್ಸವದ ನಿಮಿತ್ತ ಬೆಳಗಾವಿಯಲ್ಲಿ ನಡೆದ ಉಪನ್ಯಾಸ)



ಖಾನಾಪುರ ತಾಲೂಕಿನ ಹಲಸಿ ಗ್ರಾಮವನ್ನು ಅರಿಯದವರು ಈ ಸಭೆಯಲ್ಲಿ ವಿರಳ. ಕದಂಬರ ಕಾಲದಲ್ಲಿ ಪಲಾಶಿಕಾ ಎಂಬ ಹೆಸರಿನಿಂದ ವಿಖ್ಯಾತವಾಗಿದ್ದ ಆ ಊರಿನಲ್ಲಿ ಕಾಕುಸ್ಥವರ್ಮನೇ ಮೊದಲಾದ ಅರಸರ ದಾನಪತ್ರಗಳು ತಾಮ್ರದ ಪಟಗಳ ಮೇಲೆ ಕೊರೆಯಲ್ಪಟ್ಟು ದೊರೆತಿರುವವು. ಆ ಪ್ರಾಚೀನ ಲಿಪಿಯನ್ನು ಓದಬಲ್ಲವರು ಇಲ್ಲವಾದ ಶತಮಾನಗಳಲ್ಲಿ ಅವು ಮೂಕವಾಗಿದ್ದವು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಜೆ. ಎಫ್. ಫ್ಲೀಟ್ ಎಂಬ ವಿದ್ವಾಂಸರು ಅವುಗಳನ್ನು ಓದಿ ಪ್ರಕಟಿಸಿದ ಮೇಲೆಯೇ ಆ ಅರಸರ ಮಾತು ಪುನಃ ಜನರ ಕಿವಿಗೆ ಬಿದ್ದಿತು. ಅಕ್ಷರವು ಇದ್ದ ಮಾತ್ರಕ್ಕೆ ಸಾಲದು, ಅದನ್ನು ನುಡಿಸುವವನು ಬೇಕು ಎಂಬದಕ್ಕೆ ಇದಕ್ಕಿಂತ ಸಮೀಪದ ನಿದರ್ಶನವು ಬೇಕಾಗಿಲ್ಲ.

ಅಕ್ಷರವನ್ನು ನುಡಿಸುವ ಈ ಕಾರ್ಯವನ್ನು ಇಂದು ಯಂತ್ರವೂ ಮಾಡತೊಡಗಿರುವದು. ಬರೆದ ಪಠ್ಯವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವು ಹೇಗೆ ಹುಟ್ಟಿತು, ಕನ್ನಡಕ್ಕೆ ಹೇಗೆ ಬಂದಿತು, ಅದರಿಂದ ಅಕ್ಷರಾಭ್ಯಾಸಕ್ಕೆ ಆಗುವ ಸಹಾಯವೇನು, ಅದರ ಮಿತಿಯೇನು, ಮತ್ತು ಮಠವೂ ಭಕ್ತರೂ ಅದರ ವಿಷಯದಲ್ಲಿ ಮಾಡಬೇಕಾದ ಕರ್ತವ್ಯವೇನು ಎಂಬದೇ ಈ ದಿನದ ಪ್ರತಿಪಾದ್ಯ ವಿಷಯವಾಗಿರುವದು.

ಶ್ರವಣದ ಪರಂಪರೆ

ಓದಿಸಿ ಕೇಳುವದು ಮಠಗಳಿಗೆ ಹೊಸ ಪದ್ಧತಿಯಲ್ಲ. ಶ್ರಾವಣಮಾಸದ ಸಾಯಂಕಾಲಗಳಲ್ಲಿ ಒಬ್ಬರು ಪುರಾಣವನ್ನು ಓದುವರು, ಇನ್ನೊಬ್ಬರು ಅರ್ಥವನ್ನು ಹೇಳುವರು, ಊರಿಗೆ ಊರೇ ಕುಳಿತು ಕೇಳುವದು. ಒಂದಕ್ಷರವನ್ನೂ ಬಾರದ ಒಕ್ಕಲಿಗನು, ನೇಕಾರನು, ಮನೆಯ ಹಿರಿಯ ತಾಯಿಯು ಹೀಗೆ ಕೇಳಿ ಕೇಳಿಯೇ ನೂರಾರು ವಚನಗಳನ್ನು ಕಂಠಗತ ಮಾಡಿಕೊಂಡಿರುವರು. ಅವರನ್ನು ಅವಿದ್ಯಾವಂತರೆನ್ನುವ ಧೈರ್ಯ ಯಾರಿಗೂ ಇರದು. ಅವರ ವಿದ್ಯೆಯು ಕಿವಿಯ ದಾರಿಯಿಂದ ಬಂದುದು, ಅಷ್ಟೇ ಭೇದ.

ಕಣ್ಣಿಲ್ಲದವರ ವಿಷಯದಲ್ಲಂತೂ ಈ ದಾರಿಯ ಮಹತ್ವವು ಇನ್ನೂ ಹೆಚ್ಚಿನದು. ಹಾನಗಲ್ಲ ಕುಮಾರಸ್ವಾಮಿಗಳವರ ಆಶ್ರಯದಲ್ಲಿ ಬೆಳೆದ ಪಂಚಾಕ್ಷರಿ ಗವಾಯಿಗಳು (1892-1944) ಅಂಧರಾಗಿದ್ದರೂ ಸಂಗೀತಶಾಸ್ತ್ರದಲ್ಲಿ ಪಾರಂಗತರಾಗಿ, ತಮ್ಮಂತೆಯೇ ದೃಷ್ಟಿಹೀನರಾದ ಮಕ್ಕಳಿಗೆ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅನ್ನವನ್ನೂ ವಿದ್ಯೆಯನ್ನೂ ಕೊಟ್ಟರು. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು (1914-2010) ಕನ್ನಡ, ಹಿಂದೀ, ಸಂಸ್ಕೃತಗಳಲ್ಲಿ ಗ್ರಂಥರಚನೆಯನ್ನು ಮಾಡಿದರು. ಆದರೆ ಅಂತಹ ಗುರುವೂ ಅಂತಹ ಆಶ್ರಮವೂ ಎಲ್ಲರಿಗೂ ಲಭಿಸುವ ವಸ್ತುಗಳಲ್ಲ. ಓದಿ ಹೇಳುವವರು ಮನೆಯಲ್ಲಿರುವಾಗ ಮಾತ್ರ ಗ್ರಂಥವು ತೆರೆಯುವದು, ಅವರು ಕೆಲಸಕ್ಕೆ ಎದ್ದು ಹೋದೊಡನೆ ಮುಚ್ಚುವದು. ಈ ಪರಾಧೀನತೆಯೇ ಅಂಧನ ನಿಜವಾದ ಕತ್ತಲೆ.

ಫ್ರಾನ್ಸ್ ದೇಶದ ಲೂಯಿ ಬ್ರೈಲನು ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಉಬ್ಬು ಚುಕ್ಕೆಗಳ ಲಿಪಿಯನ್ನು ನಿರ್ಮಿಸಿ ಈ ಕತ್ತಲೆಯನ್ನು ಬಹುಮಟ್ಟಿಗೆ ನೀಗಿದನು. ಭಾರತೀಯ ಭಾಷೆಗಳಿಗೆಲ್ಲ ಹೊಂದುವ ಭಾರತೀ ಬ್ರೈಲು 1951ರಲ್ಲಿ ಸಿದ್ಧವಾಯಿತು. ಆದರೂ ಬ್ರೈಲ್ ಗ್ರಂಥಗಳು ಗಾತ್ರದಲ್ಲಿ ದೊಡ್ಡವು, ಸಂಖ್ಯೆಯಲ್ಲಿ ಅಲ್ಪ. ಇಳಿವಯಸ್ಸಿನಲ್ಲಿ ಕಣ್ಣು ಮಂಜಾದವರಿಗೆ ಬೆರಳಿನಿಂದ ಹೊಸ ಲಿಪಿಯನ್ನು ಕಲಿಯುವದು ಸುಲಭಸಾಧ್ಯವಲ್ಲ. ಈ ಕೊರತೆಯ ಸ್ಥಳದಲ್ಲಿಯೇ ವಾಚನಯಂತ್ರದ ಪ್ರವೇಶವಾಯಿತು.

ಯಂತ್ರವು ನುಡಿಯಲು ಕಲಿತ ಬಗೆ

ಮನುಷ್ಯನ ಧ್ವನಿಯನ್ನು ಯಂತ್ರದಿಂದ ಹೊರಡಿಸುವ ಹವ್ಯಾಸವು ಹಳೆಯದು. ವುಲ್ಫ್‌ಗಾಂಗ್ ಫಾನ್ ಕೆಂಪೆಲೆನ್ ಎಂಬವನು 1769ರಲ್ಲಿ ಇಂತಹದೊಂದು ಯಂತ್ರದ ಕೆಲಸವನ್ನು ಆರಂಭಿಸಿ 1791ರಲ್ಲಿ ಅದರ ವಿವರಣೆಯ ಗ್ರಂಥವನ್ನು ಪ್ರಕಟಿಸಿದನು. ಅದರಲ್ಲಿ ತಿದಿಯು ಶ್ವಾಸಕೋಶದಂತೆ ಗಾಳಿಯನ್ನು ಊದುತ್ತಿತ್ತು, ಕಂಪಿಸುವ ನಾಲಗೆಯು ಗಂಟಲಿನ ನಾದವನ್ನು ಕೊಡುತ್ತಿತ್ತು, ಚಕ್ಕಳದ ನಳಿಗೆಯನ್ನು ಕೈಯಿಂದ ಒತ್ತಿ ಸಡಿಲಿಸಿದರೆ ಸ್ವರಗಳು ಭಿನ್ನವಾಗುತ್ತಿದ್ದವು. ಪಾಣಿನೀಯ ಶಿಕ್ಷೆಯನ್ನು ಓದಿದವರಿಗೆ ಇದರಲ್ಲಿ ಆಶ್ಚರ್ಯವೆನಿಸದು. ಸ್ಥಾನ, ಕರಣ, ಪ್ರಯತ್ನಗಳಿಂದ ವರ್ಣೋತ್ಪತ್ತಿಯಾಗುವದೆಂದು ಹೇಳಿದ ನಮ್ಮ ಪ್ರಾಚೀನರ ಮಾತನ್ನೇ ಅವನು ಕಟ್ಟಿಗೆಯಲ್ಲಿಯೂ ಚಕ್ಕಳದಲ್ಲಿಯೂ ಪರೀಕ್ಷಿಸಿದಂತಾಯಿತು.

ಮುಂದೆ ವಿದ್ಯುತ್ತಿನ ಕಾಲವು ಬಂದಿತು. ಅಮೇರಿಕೆಯ ಬೆಲ್ ಪ್ರಯೋಗಶಾಲೆಯ ಹೋಮರ್ ಡಡ್ಲಿ ಎಂಬವರು ನಿರ್ಮಿಸಿದ 'ವೋಡರ್' ಯಂತ್ರವು 1939ರ ನ್ಯೂಯಾರ್ಕ್ ಪ್ರದರ್ಶನದಲ್ಲಿ ಮಾತನಾಡಿತು. ಆದರೆ ಹಾರ್ಮೋನಿಯಮ್ಮಿನಂತೆ ಅದನ್ನು ಬೆರಳುಗಳಿಂದ ನುಡಿಸಲು ನುರಿತ ಸ್ತ್ರೀಯೊಬ್ಬಳು ಎದುರಿಗೆ ಕುಳಿತಿರಬೇಕಾಗಿತ್ತು. ಯಂತ್ರಕ್ಕೆ ಬಾಯಿ ಬಂದಿತ್ತು, ಓದು ಬಂದಿರಲಿಲ್ಲ. ಈ ಎರಡನೆಯದನ್ನು ಸಾಧಿಸಲು ಗಣಕಯಂತ್ರವೇ ಬೇಕಾಯಿತು. ಅದೇ ಪ್ರಯೋಗಶಾಲೆಯಲ್ಲಿ 1961ರಲ್ಲಿ ಗಣಕಯಂತ್ರದಿಂದ ಒಂದು ಹಾಡನ್ನೇ ಹಾಡಿಸಿದರು.

ಓದುವ ಯಂತ್ರವೆಂಬ ಹೆಸರಿಗೆ ಪೂರ್ಣವಾಗಿ ತಕ್ಕುದಾದುದು 1976ರಲ್ಲಿ ಪ್ರಕಟವಾಯಿತು. ರೇ ಕರ್ಜ್‌ವೈಲ್ ಎಂಬವರು ಮಾಡಿದ ಆ ಯಂತ್ರದ ಗಾಜಿನ ಮೇಲೆ ಅಚ್ಚಾದ ಪುಸ್ತಕವನ್ನು ಬೋರಲಿಟ್ಟರೆ, ಅದು ಪುಟದ ಚಿತ್ರವನ್ನು ತೆಗೆದು, ಅಕ್ಷರಗಳನ್ನು ಗುರುತಿಸಿ, ಗಟ್ಟಿಯಾಗಿ ಓದುತ್ತಿತ್ತು. ನೋಡುವದು, ಗುರುತಿಸುವದು, ನುಡಿಯುವದು ಎಂಬ ಮೂರು ಕ್ರಿಯೆಗಳು ಆಗ ಒಂದುಗೂಡಿದವು. ಬೆಲೆಯು ಮಾತ್ರ ಸಾಮಾನ್ಯರಿಗೆ ಎಟುಕುವಂತಹದಾಗಿರಲಿಲ್ಲ.

ಇದಾದ ಮೇಲಿನ ಇತಿಹಾಸದಲ್ಲಿ ವಿಶೇಷವಾಗಿ ಗಮನಿಸತಕ್ಕ ಸಂಗತಿಯೊಂದಿದೆ. ಮುಖ್ಯವಾದ ಸಾಧನಗಳನ್ನು ಅಂಧರೇ ಸ್ವತಃ ನಿರ್ಮಿಸಿಕೊಂಡರು. ಟೆಡ್ ಹೆಂಟರ್ ಎಂಬ ಮೋಟಾರುಸಾಯಕಲ್ಲಿನ ಪಂದ್ಯಾಳುವು 1978ರಲ್ಲಿ ಒಂದು ಅಪಘಾತದಿಂದ ದೃಷ್ಟಿಯನ್ನು ಕಳೆದುಕೊಂಡು, ಗಣಕವಿದ್ಯೆಯನ್ನು ಕಲಿತು, ಗಣಕದ ಪರದೆಯ ಮೇಲಿನ ಬರೆಹವನ್ನು ಓದಿ ಹೇಳುವ 'ಜಾಸ್' ಎಂಬ ತಂತ್ರಾಂಶವನ್ನು 1989ರಲ್ಲಿ ಹೊರತಂದನು. ಅದೂ ಬೆಲೆಯುಳ್ಳ ಪದಾರ್ಥವೇ. ಆಸ್ಟ್ರೇಲಿಯಾ ಖಂಡದ ಮೈಕೆಲ್ ಕರನ್ ಎಂಬ ಅಂಧ ತರುಣನು, ಕಣ್ಣುಳ್ಳವನಿಗೆ ಪರದೆಯನ್ನು ನೋಡಲು ಬೇರೆ ಹಣವು ಬೇಡವಾದಾಗ ಅಂಧನು ಮಾತ್ರ ಏಕೆ ತೆರಬೇಕು ಎಂದು ಯೋಚಿಸಿ, 2006ರಲ್ಲಿ 'ಎನ್‌ವಿಡಿಎ' ಎಂಬ ತಂತ್ರಾಂಶವನ್ನು ಬರೆಯಲಾರಂಭಿಸಿದನು. ಅವನಂತೆಯೇ ಅಂಧನಾದ ಜೇಮ್ಸ್ ಟೆಹ್ ಎಂಬವನು ಅವನೊಡನೆ ಸೇರಿದನು. ಅವರು ಅದನ್ನು ಜಗತ್ತಿಗೆಲ್ಲ ಬಿಟ್ಟಿಯಾಗಿ ಹಂಚಿದರು. ತನ್ನ ಕಾಯಕದ ಫಲವನ್ನು ತನ್ನಂತಹ ಇತರರಿಗೆ ನಿರಪೇಕ್ಷೆಯಿಂದ ಸಲ್ಲಿಸುವದಕ್ಕೆ ಶರಣರ ಪರಿಭಾಷೆಯಲ್ಲಿ ಯಾವ ಹೆಸರಿದೆಯೆಂಬದನ್ನು ಈ ಸಭೆಗೆ ಹೇಳಬೇಕಾಗಿಲ್ಲ.

ಕನ್ನಡಕ್ಕೆ ಬಂದ ವಾಣಿ

ಕನ್ನಡದ ಮಟ್ಟಿಗೆ ಈ ಇತಿಹಾಸವು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದೊಡನೆ ನಿಕಟವಾಗಿ ಹೆಣೆದುಕೊಂಡಿದೆ. ಅಲ್ಲಿಯ ಕೆಲವು ಪ್ರಾಧ್ಯಾಪಕರೂ ಎನ್‌ಕೋರ್ ಎಂಬ ಸಂಸ್ಥೆಯವರೂ ಕೂಡಿ 2001ರಲ್ಲಿ 'ಸಿಂಪ್ಯೂಟರ್' ಎಂಬ ಅಂಗೈಯಗಲದ ಗಣಕವನ್ನು ಹೊರತಂದರು. ಓದಲು ಬಾರದ ಹಳ್ಳಿಗನೂ ಅದನ್ನು ಉಪಯೋಗಿಸಬೇಕೆಂಬದು ಅವರ ಉದ್ದೇಶವಾಗಿತ್ತು. ಆದುದರಿಂದ ಅದು ದೇಶಭಾಷೆಗಳ ಪಠ್ಯವನ್ನು ನುಡಿದು ತೋರಿಸಬೇಕಾಯಿತು. ಇದರ ಸಲುವಾಗಿ ರಮೇಶ ಹರಿಹರನ್ ಅವರು ರಚಿಸಿದ 'ಧ್ವನಿ' ಎಂಬ ತಂತ್ರಾಂಶವನ್ನು ಮುಂದೆ ಸಂತೋಷ್ ತೊಟ್ಟಿಂಗಲ್ ಅವರು ಬೆಳೆಯಿಸಿದರು. ಸಿಂಪ್ಯೂಟರ್ ಮನೆಮನೆಯನ್ನು ಸೇರಲಿಲ್ಲ. ಆದರೆ ಓದು ಬಾರದವನಿಗೂ ಯಂತ್ರವು ಕನ್ನಡದಲ್ಲಿ ಓದಿ ಹೇಳಬೇಕೆಂಬ ಅದರ ಸಂಕಲ್ಪವು ಉಳಿಯಿತು.

ಅದೇ ವಿಜ್ಞಾನ ಮಂದಿರದಲ್ಲಿ ಪ್ರಾಧ್ಯಾಪಕ ಎ. ಜಿ. ರಾಮಕೃಷ್ಣನ್ ಅವರ ಪ್ರಯೋಗಶಾಲೆಯು ಅಚ್ಚಿನ ಕನ್ನಡ ಪುಟವನ್ನು ಗುರುತಿಸುವ ತಂತ್ರಾಂಶವನ್ನೂ ಕನ್ನಡ, ತಮಿಳು ಪಠ್ಯಗಳನ್ನು ನುಡಿಯುವ ತಂತ್ರಾಂಶವನ್ನೂ ಸಿದ್ಧಪಡಿಸಿತು. ಇಂಗ್ಲಂಡದ ಜೊನಾಥನ್ ಡಡಿಂಗ್ಟನ್ ಅವರ 'ಇ-ಸ್ಪೀಕ್' ಎಂಬ ಬಿಟ್ಟಿಯ ತಂತ್ರಾಂಶದಲ್ಲಿ ಕನ್ನಡವೂ ಸೇರಿತು. ಮದ್ರಾಸಿನ ತಂತ್ರಜ್ಞಾನ ಸಂಸ್ಥೆಯ ಹೇಮಾ ಮೂರ್ತಿಯವರ ನೇತೃತ್ವದಲ್ಲಿ ಅನೇಕ ವಿದ್ಯಾಲಯಗಳು ಕೂಡಿ ಭಾರತೀಯ ಭಾಷೆಗಳ ಧ್ವನಿಗಳನ್ನು ಸಿದ್ಧಗೊಳಿಸಿದವು. 2022ರ ಜುಲೈಯಲ್ಲಿ ಕೇಂದ್ರ ಸರಕಾರವು 'ಭಾಷಿಣಿ' ಎಂಬ ಯೋಜನೆಯನ್ನು ಲೋಕಾರ್ಪಣ ಮಾಡಿತು.

ಇಷ್ಟರಲ್ಲಿ ಧ್ವನಿಯನ್ನು ಹೊರಡಿಸುವ ರೀತಿಯೂ ಮೂರು ಮಜಲುಗಳನ್ನು ದಾಟಿತು. ಮೊದಲನೆಯದರಲ್ಲಿ ನಾದದ ನಿಯಮಗಳನ್ನು ಲೆಕ್ಕದಿಂದ ಹೆಣೆದು ಸ್ವರವನ್ನು ಕೃತಕವಾಗಿ ಕಟ್ಟುತ್ತಿದ್ದರು. ಇ-ಸ್ಪೀಕಿನ ಧ್ವನಿಯು ಈ ಜಾತಿಯದು. ಅದು ಲೋಹದ ತಗಡನ್ನು ಬಡಿದಂತೆ ಕೇಳಿಸುವದು, ಆದರೆ ಬಹು ಚಿಕ್ಕದು, ಬಹು ವೇಗದಿಂದ ಓದಬಲ್ಲುದು. ಎರಡನೆಯದರಲ್ಲಿ ಒಬ್ಬ ಮನುಷ್ಯನ ಓದನ್ನು ಧ್ವನಿಮುದ್ರಿಸಿ, ಅದನ್ನು ತುಂಡು ತುಂಡಾಗಿ ಕತ್ತರಿಸಿ, ಬೇಕಾದಂತೆ ಜೋಡಿಸುವರು. ಮಾತು ಸಹಜವಾಯಿತು, ಬೆಸುಗೆಗಳು ಮಾತ್ರ ಕಿವಿಗೆ ತಾಕುತ್ತಿದ್ದವು. 2016ರ ಈಚೆಗೆ ಪ್ರಚಾರಕ್ಕೆ ಬಂದ ಮೂರನೆಯದರಲ್ಲಿ ಯಂತ್ರವು ಅನೇಕ ತಾಸುಗಳ ಮಾನವವಾಚನವನ್ನು ಕೇಳಿ, ಯಾವ ಅಕ್ಷರಪಂಕ್ತಿಗೆ ಯಾವ ನಾದವು ತಕ್ಕುದೆಂಬದನ್ನು ತಾನೇ ಊಹಿಸಲು ಕಲಿಯುವದು. ಇಂದು ಸಾಮಾನ್ಯ ಮೊಬೈಲಿನಲ್ಲಿ ಕೇಳಿಬರುವ ಕನ್ನಡದ ಧ್ವನಿಯು ಮನುಷ್ಯಧ್ವನಿಗೆ ಸಾಕಷ್ಟು ಸಮೀಪವಾಗಿರುವದು.

ಅಕ್ಷರದೊಳಗಿನ ಅಕ್ಷರ

ಯಂತ್ರವು ಕನ್ನಡವನ್ನು ಓದುವ ಬಗೆಯನ್ನು ತುಸು ವಿಸ್ತಾರವಾಗಿ ಹೇಳುವದು ಅವಶ್ಯವಾಗಿದೆ. ಏಕೆಂದರೆ ಶ್ರೀಮಠದ ಗ್ರಂಥಗಳ ಭವಿಷ್ಯವು ಈ ವಿಷಯವನ್ನೇ ಅವಲಂಬಿಸಿರುವದು.

ಯಂತ್ರಕ್ಕೆ ಅಕ್ಷರದ ಆಕಾರವು ತಿಳಿಯದು, ಸಂಖ್ಯೆ ಮಾತ್ರ ತಿಳಿಯುವದು. ಪ್ರತಿಯೊಂದು ಅಕ್ಷರಕ್ಕೂ ಒಂದು ಸಂಖ್ಯೆಯನ್ನು ನಿಶ್ಚಯಿಸುವ ಯುನಿಕೋಡ್ ಎಂಬ ಜಾಗತಿಕ ವ್ಯವಸ್ಥೆಯಲ್ಲಿ 1991ರಿಂದಲೇ ಕನ್ನಡಕ್ಕೆ ಸ್ಥಾನವು ದೊರೆತಿದೆ. 3200ರಿಂದ 3327ರ ವರೆಗಿನ 128 ಮನೆಗಳು ಕನ್ನಡದವು. ಅದರಲ್ಲಿ 'ಕ'ಕಾರಕ್ಕೆ 3221 ಎಂಬ ಮನೆಯು ಸಂದಿದೆ. ಹಳಗನ್ನಡದ ಱ, ೞ ಅಕ್ಷರಗಳಿಗೂ ಅಲ್ಲಿ ಸ್ಥಾನವುಂಟು. ಇನ್ನೊಂದು ಸೂಕ್ಷ್ಮವಿದೆ. 'ಧರ್ಮ' ಎಂದು ಬರೆಯುವಾಗ ರೇಫದ ಚಿಹ್ನೆಯಾದ ಅರ್ಕಾವೊತ್ತು ಮಕಾರದ ಬಲಕ್ಕೆ ಬರುವದು, ಆದರೆ ನುಡಿಯುವಾಗ ರೇಫವೇ ಮೊದಲು. ಯುನಿಕೋಡಿನಲ್ಲಿ ಸಂಖ್ಯೆಗಳು ನುಡಿಯುವ ಕ್ರಮದಲ್ಲಿಯೇ ನಿಲ್ಲುವವು. ಆದಕಾರಣ ಯಂತ್ರವು ಅವುಗಳನ್ನು ಸಾಲಾಗಿ ಓದಿಕೊಂಡು ಹೋದರೆ ಉಚ್ಚಾರವು ತಾನಾಗಿಯೇ ಸರಿಬರುವದು.

ಆದರೆ ಕಳೆದ ಶತಮಾನದ ಕೊನೆಯಿಂದ ಬಹುಕಾಲದ ವರೆಗೆ ಮುದ್ರಣಾಲಯಗಳು ಉಪಯೋಗಿಸಿದ ಅಕ್ಷರವಿನ್ಯಾಸಗಳ ರೀತಿಯು ಬೇರೆ. ಅವುಗಳಲ್ಲಿ ಕನ್ನಡದ ಅಕ್ಷರಗಳನ್ನು ತಲೆಕಟ್ಟು, ಕೊಂಬು, ಒತ್ತು ಎಂದು ತುಂಡುಗಳಾಗಿ ಮಾಡಿ, ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ತುಂಬುತ್ತಿದ್ದರು. ಕಾಗದದ ಮೇಲೆ ಅದು ಅಂದವಾದ ಕನ್ನಡವೇ. ಕಣ್ಣಿಗೆ ಯಾವ ಭೇದವೂ ಕಾಣದು. ಆದರೆ ಯಂತ್ರದ ಪಾಲಿಗೆ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಅಂಧನಾದ ಭಕ್ತನು ಅಂತಹ ಕಡತವನ್ನು ತೆರೆದು ವಾಚನಕ್ಕೆ ಹಚ್ಚಿದರೆ, ಬಸವಣ್ಣನವರ ನುಡಿಯ ಬದಲು ಅವನ ಕಿವಿಗೆ ಬೀಳುವದು ಆ ರಾಶಿಯ ಗದ್ದಲ. ಪುಟಗಳ ಛಾಯಾಚಿತ್ರವನ್ನು ತೆಗೆದು ಅಂತರಜಾಲದಲ್ಲಿ ಇರಿಸಿದ ಗ್ರಂಥದ ಗತಿಯೂ ಸುಮಾರಾಗಿ ಇದೇ. ಚಿತ್ರದೊಳಗಿನ ಅಕ್ಷರವನ್ನು ಬೇರೊಂದು ತಂತ್ರಾಂಶವು ಮೊದಲು ಗುರುತಿಸಿ ಕೊಡದ ಹೊರತು ವಾಚನಯಂತ್ರವು ಸುಮ್ಮನಿರುವದು. ಹೀಗೆ ಕೊಟ್ಟ ಗ್ರಂಥವು ಅಂಧನಿಗೆ ಹಲಸಿಯ ತಾಮ್ರಪಟವೇ ಸರಿ.

ಈ ತೊಡಕನ್ನು ಬಿಡಿಸಬಹುದೆಂಬದಕ್ಕೆ ವಚನವಾಙ್ಮಯದಲ್ಲಿಯೇ ಒಂದು ಶ್ಲಾಘ್ಯ ಉದಾಹರಣೆಯು ಉಂಟು. ಡಾ. ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸರಕಾರವು 15 ಸಂಪುಟಗಳಲ್ಲಿ ಹೊರತಂದ ಸಮಗ್ರ ವಚನಸಾಹಿತ್ಯದ ಪಠ್ಯವನ್ನು ಕೆಲವು ಉತ್ಸಾಹಿಗಳು ಯುನಿಕೋಡಿಗೆ ತಿರುಗಿಸಿ, 'ವಚನ ಸಂಚಯ' ಎಂಬ ಹೆಸರಿನಿಂದ ಅಂತರಜಾಲದಲ್ಲಿ ಎಲ್ಲರಿಗೂ ಮುಕ್ತವಾಗಿ ಇರಿಸಿರುವರು. ಇಪ್ಪತ್ತು ಸಾವಿರಕ್ಕೂ ಮಿಕ್ಕ ವಚನಗಳು ಹೀಗೆ ಯಂತ್ರವು ಓದಬಲ್ಲ ರೂಪವನ್ನು ಪಡೆದಿವೆ.

ಅಕ್ಷರಾಭ್ಯಾಸಕ್ಕೆ ಸಹಾಯ

ವಾಚನಯಂತ್ರವು ಅಂಧರಿಗೆ ಮಾತ್ರ ಉಪಯುಕ್ತವೆಂಬ ಭಾವನೆಯು ಮೊದಲು ಇದ್ದಿತು. 1990ರ ದಶಕದಲ್ಲಿ ಇನ್ನೊಂದು ದಾರಿಯು ತೆರೆಯಿತು. ಕೆಲವು ಮಕ್ಕಳು ಕಣ್ಣು, ಕಿವಿ, ಬುದ್ಧಿ ಇವೆಲ್ಲ ಚೆನ್ನಾಗಿದ್ದೂ ಅಕ್ಷರಗಳನ್ನು ಕೂಡಿಸಿ ಓದುವಲ್ಲಿ ತಡವರಿಸುವರು. ಇದಕ್ಕೆ ಪಾಶ್ಚಾತ್ಯರು ಡಿಸ್ಲೆಕ್ಸಿಯಾ ಎಂದು ಹೆಸರಿಟ್ಟಿರುವರು. ಇಂತಹ ಮಕ್ಕಳಿಗಾಗಿ ರಚಿತವಾದ ತಂತ್ರಾಂಶಗಳಲ್ಲಿ ಯಂತ್ರವು ಒಂದೊಂದು ಪದವನ್ನು ನುಡಿಯುತ್ತಿರುವಾಗಲೇ ಆ ಪದವು ಪರದೆಯ ಮೇಲೆ ಬೇರೆ ಬಣ್ಣದಿಂದ ಬೆಳಗುವದು. ಕರ್ಜ್‌ವೈಲರ ಸಂಸ್ಥೆಯು 1996ರಲ್ಲಿ ಇಂತಹದೊಂದನ್ನು ಹೊರತಂದಿತು. ಕಿವಿಯು ಕೇಳಿದ ನಾದವೂ ಕಣ್ಣು ಕಂಡ ಆಕಾರವೂ ಒಂದೇ ಕ್ಷಣದಲ್ಲಿ ಕೂಡುವವು. ಗಾಂವಟಿ ಶಾಲೆಯಲ್ಲಿ ಪಂತೋಜಿಗಳು ಹುಡುಗನ ಬೆರಳನ್ನು ಹಿಡಿದು ಅಕ್ಷರದ ಮೇಲೆ ಓಡಿಸುತ್ತ ಬಾಯಿಂದ ಹೇಳಿಸುತ್ತಿದ್ದುದೂ ಇದೇ ತತ್ತ್ವದ ಮೇಲೆಯೇ.

ಭಾರತದಲ್ಲಿ 1995ರ ಅಂಗವಿಕಲರ ಕಾಯದೆಯು 7 ಬಗೆಯ ವೈಕಲ್ಯಗಳನ್ನು ಮಾತ್ರ ಎಣಿಸಿತ್ತು. 2016ರ ಕಾಯದೆಯು ಆ ಸಂಖ್ಯೆಯನ್ನು 21ಕ್ಕೆ ಏರಿಸಿ, ಅದರಲ್ಲಿ ಈ ಕಲಿಕೆಯ ತೊಡಕನ್ನೂ ಸೇರಿಸಿದೆ. ಆದುದರಿಂದ ಓದುವಾಗ ತೊದಲುವ ಹುಡುಗನನ್ನು ದಡ್ಡನೆಂದು ಹಿಂದಿನ ಸಾಲಿನಲ್ಲಿ ಕೂಡ್ರಿಸುವದು ಇನ್ನು ಅಜ್ಞಾನದ ನೆವದಿಂದ ಕ್ಷಮ್ಯವಾಗಲಾರದು.

ಬೆಳಗಾವಿ-ಖಾನಾಪುರಗಳ ಪರಿಸ್ಥಿತಿಯಲ್ಲಿ ಈ ಸಹಾಯಕ್ಕೆ ವಿಶೇಷವಾದ ಅರ್ಥವಿದೆ. 2011ರ ಜನಗಣತಿಯಂತೆ ಬೆಳಗಾವಿ ಜಿಲ್ಲೆಯಲ್ಲಿ ಅಕ್ಷರಸ್ಥರು ನೂರಕ್ಕೆ ಸುಮಾರು 73 ಜನರು. ಎಂದರೆ ಏಳು ವರ್ಷ ಮೀರಿದವರಲ್ಲಿ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ಆಗ ಓದು ಬರುತ್ತಿರಲಿಲ್ಲ. ಖಾನಾಪುರ ತಾಲೂಕಿನಲ್ಲಿ ಇನ್ನೊಂದು ವೈಶಿಷ್ಟ್ಯ. ಅಲ್ಲಿಯ ಬಹುಸಂಖ್ಯ ಮನೆಗಳಲ್ಲಿ ಆಡುವ ಮಾತು ಮರಾಠಿ. ಮನೆಯಲ್ಲಿ ಮರಾಠಿಯನ್ನಾಡುವ ಮಗುವು ಕನ್ನಡವನ್ನು ಕಲಿಯಹೊರಟಾಗ ಅದಕ್ಕೆ ವರ್ಣಮಾಲೆಯ ನಾದಗಳು ಬಹುಮಟ್ಟಿಗೆ ಪರಿಚಿತವೇ, ಆಕಾರಗಳು ಮಾತ್ರ ಹೊಸವು. ಮನೆಯಲ್ಲಿ ತಿದ್ದಿ ಹೇಳುವ ಕನ್ನಡಿಗರಿಲ್ಲದಾಗ, ಪಾಠವನ್ನು ಬೇಕಾದಷ್ಟು ಸಲ ನಿಧಾನವಾಗಿ ಓದಿ ತೋರಿಸುವ ಯಂತ್ರವು ಆ ಮಗುವಿಗೆ ನೆರೆಮನೆಯ ಅಕ್ಕನಂತೆ ಒದಗುವದು. ಬೆಳಗಾವಿಯ ಕನ್ನಡ ಮನೆಯಲ್ಲಿ ಮರಾಠಿಯನ್ನು ಕಲಿಯುವ ಮಗುವಿಗೂ ಈ ಮಾತು ಅಷ್ಟೇ ಅನ್ವಯಿಸುವದು. ಯುನಿಕೋಡಿನಲ್ಲಿ ನಾಗರೀ ಪಂಕ್ತಿಯು 2304ರಿಂದಲೂ ಕನ್ನಡ ಪಂಕ್ತಿಯು 3200ರಿಂದಲೂ ಮೊದಲಾಗುವವು. ನಾಗರಿಯ 'ಕ' 2325, ಕನ್ನಡದ 'ಕ' 3221. ಎರಡೂ ತಮ್ಮ ತಮ್ಮ ಆರಂಭದಿಂದ 21 ಮನೆ ಮುಂದೆ ನಿಂತಿರುವವು. ಗಡಿಯ ಊರಿನಲ್ಲಿ ಮನುಷ್ಯರು ಎಷ್ಟೇ ವಾದಿಸಲಿ, ಎರಡು ಲಿಪಿಗಳ ಅಕ್ಷರಗಳು ಒಂದೇ ಓಣಿಯ ಎದುರುಬದುರು ಮನೆಗಳಲ್ಲಿ ಸಾಮರಸ್ಯದಿಂದ ವಾಸವಾಗಿರುವವು.

ಇನ್ನು ಮಲಪ್ರಭೆಯು ಹುಟ್ಟುವ ಕಣಕುಂಬಿಯ ಕಡೆಗಿನ ಘಟ್ಟದ ಹಳ್ಳಿಗಳ ಮಾತು. ದಟ್ಟವಾದ ಅಡವಿ, ಭಾರಿ ಮಳೆ. ಮೊಬೈಲಿನ ಸಂಪರ್ಕವು ಅಲ್ಲಿ ನೆಚ್ಚತಕ್ಕುದಲ್ಲ. ಅಂತರಜಾಲವಿದ್ದರೆ ಮಾತ್ರ ನುಡಿಯುವ ಧ್ವನಿಯು ಎಷ್ಟು ಮಧುರವಾಗಿದ್ದರೂ ಅಲ್ಲಿಗೆ ನಿರುಪಯುಕ್ತ. ಇಂತಹ ಸ್ಥಳಗಳಿಗೆ ಒಮ್ಮೆ ಇಳಿಸಿಕೊಂಡರೆ ಯಂತ್ರದಲ್ಲಿಯೇ ಉಳಿದು ಸಂಪರ್ಕವಿಲ್ಲದೆ ಓದಬಲ್ಲ ಧ್ವನಿಯೇ ಬೇಕು. ಅಂತಹವು ಉಂಟು, ಹಳ್ಳಿಯ ಭಕ್ತರು ಬೆಳಗಾವಿಗೆ ಬಂದಾಗ ಅವರ ಮೊಬೈಲಿನಲ್ಲಿ ಅವುಗಳನ್ನು ಇಳಿಸಿಕೊಡುವದು ಮಠದ ವಿದ್ಯಾರ್ಥಿಗಳಿಗೆ ಅರ್ಧ ತಾಸಿನ ಕೆಲಸ.

ಯಂತ್ರದ ಮಿತಿ

ಯಂತ್ರವನ್ನು ಹೊಗಳುವಾಗ ಅದರ ದೋಷವನ್ನು ಮುಚ್ಚಿಡುವದು ಯೋಗ್ಯವಲ್ಲ. 'ಕ್ರಿ. ಶ.' ಎಂದಿದ್ದಲ್ಲಿ ಚುಕ್ಕೆಯನ್ನು ಕಂಡು ವಾಕ್ಯವು ಮುಗಿಯಿತೆಂದು ಅದು ನಿಲ್ಲಬಹುದು. '1923' ಎಂಬುದನ್ನು ಇಸವಿಯಂತೆ ಓದಬೇಕೋ ಅಂಕೆ ಅಂಕೆಯಾಗಿ ಓದಬೇಕೋ ಎಂದು ತಪ್ಪಬಹುದು. ಅನುಸ್ವಾರವು 'ಲಿಂಗ'ದಲ್ಲಿ ಙಕಾರದಂತೆ, 'ಪಂಚ'ದಲ್ಲಿ ಞಕಾರದಂತೆ, 'ಅಂಬರ'ದಲ್ಲಿ ಮಕಾರದಂತೆ ನುಡಿಯತಕ್ಕುದೆಂಬ ಸಂಧಿನಿಯಮವನ್ನು ಅದಕ್ಕೆ ಕಲಿಸಬೇಕಾಗುವದು. ವಚನದಲ್ಲಿ ಎಲ್ಲಿ ತಡೆಯಬೇಕು, ಎಲ್ಲಿ ಪ್ರಶ್ನೆಯು ಏರಬೇಕು, ಅಂಕಿತನಾಮವನ್ನು ಎಷ್ಟು ಮೆಲ್ಲಗೆ ಸಮರ್ಪಿಸಬೇಕು ಎಂಬದು ಅದಕ್ಕೆ ತಿಳಿಯದು. ಅದು ವೈದ್ಯಪತ್ರವನ್ನೂ ವಚನವನ್ನೂ ಒಂದೇ ಭಾವದಿಂದ ಓದುವದು. ಪುರಾಣ ಹೇಳುವ ಶಾಸ್ತ್ರಿಗಳು ಸಭೆಯ ಮುಖವನ್ನು ನೋಡಿ, ಅರ್ಥವಾಗದವರಿಗೆ ಮತ್ತೊಮ್ಮೆ ಬಿಡಿಸಿ ಹೇಳುವರು. ಯಂತ್ರಕ್ಕೆ ಎದುರಿಗೆ ಕುಳಿತವನ ಮುಖವು ಕಾಣದು.

ಇದಕ್ಕಿಂತ ದೊಡ್ಡ ಆಕ್ಷೇಪವೂ ಒಂದುಂಟು. ಓದಿ ಹೇಳುವದಕ್ಕೆ ಯಂತ್ರವಿರುವಾಗ ಮಕ್ಕಳು ಓದನ್ನೇ ಕಲಿಯಲಾರರೆಂದು ಕೆಲವು ಹಿರಿಯರು ಅಂಜುವರು. ಅಂಜಿಕೆಯು ನಿರಾಧಾರವಲ್ಲ. ಕಣ್ಣು ಮುಚ್ಚಿಕೊಂಡು ಕೇಳುವ ಮಗುವಿಗೆ ಅಕ್ಷರವು ಬರಲಾರದು. ಪಠ್ಯವನ್ನು ಎದುರಿಗಿಟ್ಟು ಪದಪದವನ್ನು ಹಿಂಬಾಲಿಸಿ, ಆಮೇಲೆ ಧ್ವನಿಯನ್ನು ನಿಲ್ಲಿಸಿ ತಾನೇ ಓದಿ, ತಪ್ಪಿದಲ್ಲಿ ಪುನಃ ಕೇಳಿದರೆ ಮಾತ್ರ ಪ್ರಯೋಜನವಾಗುವದು. ಆದುದರಿಂದ ಯಂತ್ರದ ಬದಿಯಲ್ಲಿ ಶಿಕ್ಷಕನೋ ತಾಯಿಯೋ ಇರಲೇಬೇಕು. ನಡೆಯಲು ಕಲಿಯುವ ಕೂಸಿಗೆ ಕೈಗಾಡಿಯನ್ನು ಕೊಡುವರು, ಕಾಲು ಗಟ್ಟಿಯಾದೊಡನೆ ಅದನ್ನು ಬಿಡಿಸುವರು. ಕಾಲೇ ಇಲ್ಲದವನಿಗೆ ಮಾತ್ರ ಆ ಗಾಡಿಯನ್ನು ಕಿತ್ತುಕೊಳ್ಳಬಾರದು. ಎಲ್ಲಿ ಕೊಡಬೇಕು, ಎಲ್ಲಿ ಬಿಡಿಸಬೇಕು ಎಂಬ ವಿವೇಕವು ಗುರುವಿನದು.

ಶ್ರೀಮಠದ ಕರ್ತವ್ಯ

ನೂರು ವರ್ಷಗಳ ಹಿಂದೆ ಇದೇ ಬೆಳಗಾವಿಯಲ್ಲಿ ನಡೆದ ಒಂದು ಕಾರ್ಯವನ್ನು ಈಗ ಸ್ಮರಿಸುವದು ಉಚಿತ. ಡಾ. ಫ. ಗು. ಹಳಕಟ್ಟಿಯವರು (1880-1964) ಮನೆಮನೆಗಳ ಜಗುಲಿಗಳಲ್ಲಿ ಪೂಜೆಗೊಳ್ಳುತ್ತಿದ್ದ, ಆದರೆ ಓದುವವರಿಲ್ಲದ ತಾಳೆಗರಿಗಳನ್ನು ಬೇಡಿ ತಂದು, ವಚನಗಳನ್ನು ಸಂಗ್ರಹಿಸಿದರು. ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯಕ್ಕೆ ಕಳುಹಿದ ಹಸ್ತಪ್ರತಿಯು ಅಚ್ಚಾಗದೆ ಹಿಂದಿರುಗಿತು. ಆಗ ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲನೆಯ ಭಾಗವು ಅಚ್ಚಾಯಿತು. ತಾಳೆಗರಿಯನ್ನು ಪೂಜಿಸಿದರೆ ಸಾಕು, ಅಚ್ಚು ಹಾಕಿಸುವದೇಕೆ ಎನ್ನುವವರ ಮಾತನ್ನು ಹಳಕಟ್ಟಿಯವರು ಕೇಳಿದ್ದರೆ ಇಂದು ವಚನಗಳು ಎಷ್ಟು ಜನರ ಪಾಲಿಗೆ ಉಳಿಯುತ್ತಿದ್ದವು?

ಅಂದು ತಾಳೆಗರಿಯಿಂದ ಅಚ್ಚಿಗೆ ದಾಟಿಸುವ ಕಾರ್ಯವಿದ್ದಿತು. ಇಂದು ಅಚ್ಚಿನಿಂದ, ಯಂತ್ರವು ಓದಬಲ್ಲ ಅಕ್ಷರಕ್ಕೆ ದಾಟಿಸುವ ಕಾರ್ಯವಿದೆ. ಭಾರತದ ಕೃತಿಸ್ವಾಮ್ಯದ ಕಾಯದೆಯಂತೆ ಗ್ರಂಥಕರ್ತನ ಮರಣಾನಂತರ 60 ವರ್ಷಗಳು ತುಂಬಿದ ಮೇಲೆ ಕೃತಿಯು ಸಾರ್ವಜನಿಕರ ಸೊತ್ತಾಗುವದು. ಹಳಕಟ್ಟಿಯವರು 1964ರಲ್ಲಿ ಲಿಂಗೈಕ್ಯರಾದರು. ಆದಕಾರಣ 2025ರ ಜನವರಿ 1ರಿಂದ ಅವರ ಕೃತಿಗಳನ್ನು ಯಾರ ಅಪ್ಪಣೆಯೂ ಇಲ್ಲದೆ ಯಾರೂ ಹೊಸ ರೂಪದಲ್ಲಿ ಪ್ರಕಟಿಸಬಹುದಾಗಿದೆ. ಇನ್ನೂ ಸ್ವಾಮ್ಯವುಳ್ಳ ಗ್ರಂಥಗಳನ್ನು ಕೂಡ, ಅಂಧರೇ ಮೊದಲಾದವರು ಓದಬಲ್ಲ ರೂಪಕ್ಕೆ ಲಾಭದ ಆಶೆಯಿಲ್ಲದೆ ತಿರುಗಿಸುವದಕ್ಕೆ 2012ರ ತಿದ್ದುಪಡಿಯು ಅವಕಾಶವನ್ನು ಕೊಟ್ಟಿದೆ. ಇದೇ ಉದ್ದೇಶದಿಂದ 2013ರಲ್ಲಿ ಮರಾಕೇಶ ಪಟ್ಟಣದಲ್ಲಿ ಆದ ಅಂತರರಾಷ್ಟ್ರೀಯ ಒಡಂಬಡಿಕೆಯನ್ನು 2014ರಲ್ಲಿ ಎಲ್ಲ ದೇಶಗಳಿಗಿಂತ ಮೊದಲು ಸ್ಥಿರೀಕರಿಸಿದುದು ಭಾರತವೇ. 2016ರಲ್ಲಿ 'ಸುಗಮ್ಯ ಪುಸ್ತಕಾಲಯ' ಎಂಬ ಅಂತರಜಾಲದ ಗ್ರಂಥಾಲಯವೂ ಈ ಜನರ ಸಲುವಾಗಿ ತೆರೆಯಿತು. ಹೀಗೆ ಕಾಯದೆಯು ಬಾಗಿಲನ್ನು ತೆರೆದಿದೆ, ತಂತ್ರಾಂಶವು ಸಿದ್ಧವಾಗಿದೆ. ಉಳಿದಿರುವದು ಅಕ್ಷರವನ್ನು ಅಣಿಗೊಳಿಸುವ ಕಾಯಕ ಮಾತ್ರ, ಮತ್ತು ಅದನ್ನು ದೂರದ ಯಾವ ಸಂಸ್ಥೆಯೂ ಬಂದು ಮಾಡಲಾರದು. ಶ್ರೀಮಠದ ಗ್ರಂಥವು ಶ್ರೀಮಠದ ಕಪಾಟಿನಲ್ಲಿಯೇ ಇರುವದು.

ಆದಕಾರಣ ಮೂರು ಸೂಚನೆಗಳು ಈ ಸಭೆಯ ವಿಚಾರಕ್ಕೆ ಅರ್ಪಿತವಾಗಿವೆ. ಮೊದಲನೆಯದು, ಮಠದ ಹಳೆಯ ಪ್ರಕಟನೆಗಳನ್ನು ಯುನಿಕೋಡ್ ಅಕ್ಷರಗಳಲ್ಲಿ ಬೆರಳಚ್ಚು ಮಾಡಿಸಬೇಕು. ಯಂತ್ರದಿಂದ ಗುರುತಿಸಿದ ಪಠ್ಯವನ್ನು ಪಾಠಶಾಲೆಯಲ್ಲಿ ಓದಿದವರು ಅಕ್ಷರಶಃ ತಿದ್ದಬೇಕು. ಕರಡು ತಿದ್ದುವ ವಿದ್ಯೆಯನ್ನು ಬಲ್ಲ ಹಿರಿಯರಿಗೆ ಇದು ತಕ್ಕ ಸೇವೆ. ಎರಡನೆಯದು, ಪ್ರಸಾದನಿಲಯದ ವಿದ್ಯಾರ್ಥಿಗಳು ರಜೆಯಲ್ಲಿ ತಮ್ಮ ಊರಿಗೆ ಹೋದಾಗ ಕಣ್ಣು ಮಂಜಾದ ಹಿರಿಯರಿಗೂ ಓದಿನಲ್ಲಿ ಹಿಂದುಳಿದ ಮಕ್ಕಳಿಗೂ ಮೊಬೈಲಿನ ವಾಚನವನ್ನು ಹಚ್ಚಿಕೊಡಲು ಕಲಿಸಬೇಕು. ಮೂರನೆಯದು ಎಲ್ಲಕ್ಕಿಂತ ಹತ್ತಿರದ್ದು. ಈ ಉಪನ್ಯಾಸವು ಅಚ್ಚಾಗಲಿರುವ ಸ್ಮರಣಗ್ರಂಥವನ್ನೇ ಅಂಧನಾದ ಭಕ್ತನೊಬ್ಬನು ಓದಬಯಸಿದರೆ ಅವನಿಗೆ ಏನು ದೊರೆಯುವದು? ಅಂದವಾದ ರಟ್ಟು, ನುಣುಪಾದ ಕಾಗದ, ಮಸಿಯ ವಾಸನೆ, ಇಷ್ಟೇ ದೊರೆತರೆ ಸಾಲದು. ಅಚ್ಚಿನ ಪ್ರತಿಯ ಜೊತೆಗೆ, ಯಂತ್ರವು ಓದಬಲ್ಲ ಅದರ ಪ್ರತಿಯೊಂದನ್ನು ಬೇಡಿದವರಿಗೆಲ್ಲ ಬಿಟ್ಟಿಯಾಗಿ ಕೊಡುವ ವ್ಯವಸ್ಥೆಯಾಗಬೇಕು. ಆ ಪ್ರತಿಯಲ್ಲಿ ಚಿತ್ರಗಳಿದ್ದಲ್ಲಿ, ಅದು ಯಾರ ಚಿತ್ರ, ಯಾವ ಪ್ರಸಂಗದ್ದು ಎಂದು ಎರಡು ಮಾತು ಬರೆದಿರಬೇಕು; ಇಲ್ಲವಾದರೆ ಯಂತ್ರವು 'ಚಿತ್ರ' ಎಂದಷ್ಟೇ ಹೇಳಿ ಮುಂದಕ್ಕೆ ಹೋಗುವದು.

ಮಠದ ಪಂಕ್ತಿಯಲ್ಲಿ ಕುಳಿತವರಿಗೆಲ್ಲ ಪ್ರಸಾದವು ಮುಟ್ಟಿತೋ ಇಲ್ಲವೋ ಎಂದು ನೋಡಿಯೇ ಬಡಿಸುವವನು ತಾನು ಉಣ್ಣುವನು. ಕೊನೆಯ ಎಲೆಯವರೆಗೆ ಹೋಗದ ದಾಸೋಹಕ್ಕೆ ಆ ಹೆಸರು ಸಲ್ಲದು. ಅಕ್ಷರದ ಪಂಕ್ತಿಯಲ್ಲಿಯೂ ಕೊನೆಯ ಸಾಲಿನಲ್ಲಿ ಕೆಲವರು ಬಹುಕಾಲದಿಂದ ಬರಿಯ ಎಲೆಯ ಮುಂದೆ ಕುಳಿತಿರುವರು. ಕಣಕುಂಬಿಯ ಕಡೆಯ ಅಜ್ಜಿಯೊಬ್ಬಳು ಮಳೆಗಾಲದ ಸಾಯಂಕಾಲ ಒಲೆಯ ಮುಂದೆ ಕುಳಿತು, ಓದುವವರ ದಾರಿಯನ್ನು ಕಾಯದೆ, ತನಗೆ ಬೇಕಾದ ವಚನವನ್ನು ತಾನೇ ಬೇಕಾದಾಗ ಕೇಳುವಂತಾದರೆ, ಶ್ರೀಮಠದ ಜುಬಿಲಿಗೆ ಅದಕ್ಕಿಂತ ಮಿಗಿಲಾದ ಮಂಗಳವು ಯಾವದಿರುವದು? ಗುರುಕೃಪೆಯಿಂದಲೂ ಭಕ್ತರ ಸಹಾಯದಿಂದಲೂ ಈ ಕಾರ್ಯವು ಕೈಗೂಡಲೆಂದು ಪ್ರಾರ್ಥಿಸಿ ಉಪನ್ಯಾಸವನ್ನು ಇಲ್ಲಿಗೆ ಮುಗಿಸಲಾಗುವದು.